ಸುಟ್ಟ ವಾಹನ ನುಡಿಯುವ ಸಾಕ್ಷಿ

ಹೆದ್ದಾರಿಯಲ್ಲಿ ವಾಹನವೊಂದು ಡಿಕ್ಕಿ ಹೊಡೆದು ಹೊತ್ತಿ ಉರಿಯಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನಾವೆಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ತಪ್ಪು ಯಾರದು? ಚಾಲಕನು ತೂಕಡಿಸಿದನೇ, ಮಿತಿಮೀರಿದ ವೇಗದಲ್ಲಿ ಓಡಿಸಿದನೇ, ಎದುರಿನಿಂದ ಬಂದವನು ಅಡ್ಡ ನುಗ್ಗಿದನೇ? ಇದಕ್ಕೊಂದು ಉತ್ತರ ದೊರೆಯಿತೆಂದರೆ ನಮ್ಮ ಕುತೂಹಲ ತಣಿಯುತ್ತದೆ, ಪುಟವನ್ನು ಮಗುಚುತ್ತೇವೆ. ಆದರೆ ವಾಹನಗಳ ಅಪಘಾತವನ್ನೂ ಬೆಂಕಿಯನ್ನೂ ಶೋಧಿಸುವುದನ್ನೇ ವೃತ್ತಿಯಾಗಿ ಕೈಕೊಂಡವರು ಅಷ್ಟಕ್ಕೆ ನಿಲ್ಲುವಂತಿಲ್ಲ. ಅವರು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕಾಗುತ್ತದೆ. ವಾಹನವು ಡಿಕ್ಕಿ ಹೊಡೆದುದು ಏಕೆ? ಡಿಕ್ಕಿಯಾದ ಮೇಲೆ ಬೆಂಕಿ ಹೊತ್ತಿದುದು ಏಕೆ? ಬೆಂಕಿ ಹೊತ್ತಿದ ಮೇಲೆ ಒಳಗಿದ್ದವರು ಹೊರಬರಲಾರದೆ ಹೋದುದು ಏಕೆ? ಮೂರಕ್ಕೂ ಒಂದೇ ಉತ್ತರವಿರುವುದು ಅಪರೂಪ. ಮೊದಲನೆಯದರಲ್ಲೇ ನಿಂತುಬಿಟ್ಟರೆ ಉಳಿದೆರಡರಿಂದ ಕಲಿಯಬೇಕಾದ ಪಾಠ ಬೂದಿಯೊಡನೆ ಗಾಳಿಗೆ ಹಾರಿಹೋಗುತ್ತದೆ.

ಈ ಪಾಠದ ಬೆಲೆ ಸಣ್ಣದೇನೂ ಅಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದು 1,68,491 ಮಂದಿ ಮಡಿದರೆಂದು ಕೇಂದ್ರ ಸರ್ಕಾರದ ವರದಿಯಿಂದ ತಿಳಿದುಬರುತ್ತದೆ. ಎಂದರೆ ದಿನವೊಂದಕ್ಕೆ 460ಕ್ಕೂ ಮಿಗಿಲು. ಇವರಲ್ಲಿ ಬೆಂಕಿಗೆ ಸಿಕ್ಕಿ ಸತ್ತವರ ಪಾಲು ಸ್ವಲ್ಪವೇ. ಆದರೆ ಡಿಕ್ಕಿಯಲ್ಲಿ ಬದುಕಿ ಉಳಿದವರನ್ನು ಕೂಡ ಬೆಂಕಿಯು ಕೊಲ್ಲುವುದರಿಂದ ಅದನ್ನು ವಿಶೇಷವಾಗಿ ಪರಿಶೀಲಿಸಬೇಕಾಗಿದೆ.

ನಮ್ಮ ನಾಡಿನಲ್ಲಿ ಈ ಕೆಲಸವು ಹಲವರ ಕೈಗಳಲ್ಲಿ ಹಂಚಿಹೋಗಿದೆ. ಪೋಲೀಸರು ಸ್ಥಳದ ಮಹಜರು ಬರೆಯುತ್ತಾರೆ. ಮೋಟಾರು ವಾಹನ ನಿರೀಕ್ಷಕರು ಬ್ರೇಕು, ಸ್ಟಿಯರಿಂಗು, ಟೈರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ. ಸುಟ್ಟ ವಸ್ತುಗಳ ಮಾದರಿಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ವಿಮಾ ಕಂಪನಿಯ ಸರ್ವೇಯರು ನಷ್ಟವನ್ನು ಅಳೆಯುತ್ತಾನೆ. ಇವರೆಲ್ಲರೂ ನಂಬುವುದು ಮನುಷ್ಯರ ನೆನಪಿಗಿಂತ ಹೆಚ್ಚಾಗಿ ವಸ್ತುಗಳ ಸಾಕ್ಷ್ಯವನ್ನು. ಅದನ್ನು ಅವರು ಓದುವ ಬಗೆ ಹೇಗೆಂಬುದನ್ನು ಈಗ ನೋಡೋಣ.

ರಸ್ತೆಯ ಮೇಲಣ ಬರಹ

ಚಾಲಕನು ಬ್ರೇಕನ್ನು ಬಲವಾಗಿ ತುಳಿದಾಗ ಚಕ್ರಗಳು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತವೆ. ಟೈರು ರಸ್ತೆಗೆ ಉಜ್ಜಿ ಕಪ್ಪು ಗೆರೆ ಮೂಡುತ್ತದೆ. ವಾಹನದ ಚಲನಶಕ್ತಿಯೆಲ್ಲವೂ ಈ ಉಜ್ಜುವಿಕೆಯಲ್ಲಿ ಉಷ್ಣವಾಗಿ ಮಾರ್ಪಡುವುದರಿಂದ ಗೆರೆಯ ಉದ್ದವನ್ನು ಅಳೆದರೆ ವೇಗವನ್ನು ಲೆಕ್ಕಹಾಕಬಹುದು. ಘರ್ಷಣೆಯ ಗುಣಾಂಕ, ಗುರುತ್ವದ ವೇಗೋತ್ಕರ್ಷ, ಗೆರೆಯ ಉದ್ದ ಇವುಗಳ ಗುಣಲಬ್ಧವನ್ನು ಇಮ್ಮಡಿಸಿ ಅದರ ವರ್ಗಮೂಲವನ್ನು ತೆಗೆದರಾಯಿತು. ಒಣಗಿದ ಡಾಂಬರು ರಸ್ತೆಗೆ ಗುಣಾಂಕವನ್ನು 0.7 ಎಂದಿಟ್ಟುಕೊಳ್ಳೋಣ. 30 ಮೀಟರು ಉದ್ದದ ಗೆರೆಯು ಗಂಟೆಗೆ ಸುಮಾರು 73 ಕಿಲೋಮೀಟರು ವೇಗವನ್ನು ಹೇಳುತ್ತದೆ. ಮಳೆ ಬಿದ್ದು ಗುಣಾಂಕ 0.4ಕ್ಕೆ ಇಳಿದಿದ್ದರೆ ಅದೇ ಗೆರೆಯ ಅರ್ಥ 55 ಕಿಲೋಮೀಟರಿಗೆ ಇಳಿಯುತ್ತದೆ. ಆದುದರಿಂದ ಅಂದು ರಸ್ತೆ ಒಣಗಿತ್ತೋ ಒದ್ದೆಯಾಗಿತ್ತೋ ಎಂಬ ಸಣ್ಣ ಸಂಗತಿಯೇ ಒಬ್ಬನನ್ನು ಅಪರಾಧಿಯಾಗಿಯೋ ನಿರಪರಾಧಿಯಾಗಿಯೋ ಮಾಡಬಲ್ಲುದು. ಇನ್ನೊಂದು ಮಾತು: ಜಾರಿದ ಮೇಲೂ ವಾಹನವು ನಿಲ್ಲದೆ ಯಾವುದಕ್ಕಾದರೂ ಡಿಕ್ಕಿ ಹೊಡೆದಿದ್ದರೆ ಈ ಲೆಕ್ಕದಿಂದ ಬರುವುದು ಕನಿಷ್ಠ ವೇಗ ಮಾತ್ರ.

ಇದಕ್ಕಿಂತ ಸೋಜಿಗದ ಸಾಕ್ಷಿ ದೀಪದ ಬುರುಡೆಯಲ್ಲಿದೆ. ಇರುಳಿನ ಅಪಘಾತದಲ್ಲಿ ವಾಹನದ ದೀಪ ಉರಿಯುತ್ತಿತ್ತೇ ಇಲ್ಲವೇ ಎಂಬ ವಿವಾದ ಮೇಲಿಂದ ಮೇಲೆ ಏಳುತ್ತದೆ. ಬುರುಡೆಯೊಳಗಿನ ಟಂಗ್‌ಸ್ಟನ್ ತಂತುವು ಉರಿಯುತ್ತಿರುವಾಗ ಬೆಳ್ಳಗೆ ಕಾದು ಮೆತ್ತಗಾಗಿರುತ್ತದೆ. ಆಗ ಡಿಕ್ಕಿಯಾದರೆ ಸುರುಳಿಯು ಎಳೆದ ರಬ್ಬರಿನಂತೆ ಹಿಗ್ಗಿ ಸೊಟ್ಟಗಾಗುತ್ತದೆ. ಗಾಜು ಒಡೆದು ಗಾಳಿ ನುಗ್ಗಿದರಂತೂ ಕಾದ ಲೋಹ ಆಮ್ಲಜನಕದೊಡನೆ ಸೇರಿ ಬಿಳಿ ಹಳದಿಯ ಪುಡಿಯನ್ನು ಉಳಿಸುತ್ತದೆ. ಆರಿದ ದೀಪದ ತಂತುವಾದರೋ ತಣ್ಣಗಿದ್ದು ಪೆಡಸಾಗಿರುವುದರಿಂದ ಹಾಗೆ ಹಿಗ್ಗದೆ ಚೂಪಾಗಿ ಮುರಿಯುತ್ತದೆ, ಮುರಿದ ತುದಿ ಹೊಳೆಯುತ್ತದೆ. ಈಚಿನ ಎಲ್‌ಇಡಿ ದೀಪಗಳಲ್ಲಿ ತಂತುವಿಲ್ಲದಿರುವುದರಿಂದ ಈ ಸಾಕ್ಷಿ ಸಿಕ್ಕದು. ಆದರೆ ಅನೇಕ ಹೊಸ ಕಾರುಗಳಲ್ಲಿ ಗಾಳಿಚೀಲವನ್ನು ನಿಯಂತ್ರಿಸುವ ಪುಟ್ಟ ಪೆಟ್ಟಿಗೆಯು ಡಿಕ್ಕಿಗೆ ಮುಂಚಿನ ಸುಮಾರು ಐದು ಸೆಕೆಂಡುಗಳ ವೇಗವನ್ನೂ, ಬ್ರೇಕು ತುಳಿದಿದ್ದರೋ ಇಲ್ಲವೋ ಎಂಬುದನ್ನೂ ದಾಖಲಿಸಿಟ್ಟುಕೊಳ್ಳುತ್ತದೆ.

ಬೆಂಕಿಯ ಮೂಲ

ಎರಡನೆಯ ಪ್ರಶ್ನೆ ಇನ್ನೂ ಕಠಿನ. ಚಲನಚಿತ್ರಗಳಲ್ಲಿ ಕಾರು ಕಣಿವೆಗೆ ಉರುಳಿದೊಡನೆ ಬಾಂಬಿನಂತೆ ಸಿಡಿಯುವುದನ್ನು ನಮ್ಮ ವಾಚಕರು ಕಂಡಿರಬಹುದು. ನಿಜವಾಗಿ ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರ ಆವಿ. ಅದೂ ಗಾಳಿಯಲ್ಲಿ ಆವಿಯ ಪ್ರಮಾಣ ನೂರಕ್ಕೆ ಸುಮಾರು 1.4ರಿಂದ 7.6ರ ಒಳಗಿದ್ದರೆ ಮಾತ್ರ. ಮುಚ್ಚಿದ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಇದಕ್ಕಿಂತ ದಟ್ಟವಾಗಿದ್ದು ಗಾಳಿ ಸಾಲದಿರುವುದರಿಂದ ಅಲ್ಲಿ ಜ್ವಾಲೆ ಹುಟ್ಟುವುದಿಲ್ಲ. ಅಪಾಯವಿರುವುದು ಟ್ಯಾಂಕು ಹರಿದು, ಕೊಳವೆ ಕಳಚಿ, ಇಂಧನ ಹೊರಚೆಲ್ಲಿದಾಗ.

ಡೀಸೆಲು ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಅದರಿಂದಲೇ ಅದು ನಿರಪಾಯವೆಂದು ಅನೇಕರು ಭಾವಿಸಿದ್ದಾರೆ. ಆದರೆ ಕಿಡಿಯ ನೆರವಿಲ್ಲದೆ, ಬರಿಯ ಶಾಖದಿಂದಲೇ ಹೊತ್ತಿಕೊಳ್ಳುವ ವಿಚಾರದಲ್ಲಿ ಸಂಗತಿ ತಿರುಗುಮುರುಗಾಗಿದೆ. ಡೀಸೆಲಿನ ಆವಿಗೆ 250 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಉಷ್ಣತೆ ಸಾಕು; ಪೆಟ್ರೋಲಿಗೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬೇಕು. ಏರುದಾರಿಯಲ್ಲಿ ಭಾರ ಎಳೆದ ಎಂಜಿನ್ನಿನ ಹೊಗೆಕೊಳವೆಯ ಬುಡವೂ ಟರ್ಬೋ ಯಂತ್ರವೂ 500 ಡಿಗ್ರಿಯನ್ನು ಮೀರಿ ಕಾಯಬಲ್ಲವು. ಅಂಥ ತಾಣದ ಮೇಲೆ ಬಿರುಕುಬಿಟ್ಟ ಕೊಳವೆಯಿಂದ ಡೀಸೆಲು ತುಂತುರಾಗಿ ಸಿಡಿದರೆ ಕಿಡಿಯೇ ಬೇಕಾಗಿಲ್ಲ.

ಡಿಕ್ಕಿಯಿಲ್ಲದೆ ನಿಂತಲ್ಲೇ ಹೊತ್ತಿಕೊಂಡ ವಾಹನಗಳಲ್ಲಿ ವಿದ್ಯುತ್ತಿನ ತಂತಿಯ ಮೇಲೆ ಸಂಶಯ ಮೂಡುವುದು ಸಹಜ. ಕಾರಿನ ಬ್ಯಾಟರಿಯ ಒತ್ತಡ ಕೇವಲ 12 ವೋಲ್ಟು. ಮುಟ್ಟಿದರೆ ಷಾಕು ಹೊಡೆಯದು. ಆದರೆ ಅದು ನೂರಾರು ಆಂಪಿಯರು ಪ್ರವಾಹವನ್ನು ಒಮ್ಮೆಲೇ ಹರಿಸಬಲ್ಲುದು. ತಂತಿಯ ಹೊದಿಕೆಯನ್ನು ಇಲಿ ಕಡಿದಿದ್ದರೆ, ಅಥವಾ ಹೆಚ್ಚಿನ ದೀಪಕ್ಕೋ ಹಾರನ್ನಿಗೋ ಫ್ಯೂಸಿಲ್ಲದೆ ತಂತಿಯನ್ನು ಕತ್ತರಿಸಿ ಜೋಡಿಸಿದ್ದರೆ, ಆ ಪ್ರವಾಹ ಕ್ಷಣಮಾತ್ರದಲ್ಲಿ ತಾಮ್ರವನ್ನೇ ಕರಗಿಸುತ್ತದೆ. ತಾಮ್ರ ಕರಗುವುದು 1,085 ಡಿಗ್ರಿಯಲ್ಲಿ. ವಿದ್ಯುತ್ತಿನ ಕಿಡಿಯಿಂದ ಕರಗಿದ ತಂತಿಯ ತುದಿಯಲ್ಲಿ ಒಂದೇ ಜಾಗದಲ್ಲಿ ನುಣುಪಾದ ಮಣಿ ಕಟ್ಟಿರುತ್ತದೆ, ಪಕ್ಕದ ತಂತಿ ಕೆಡದೆ ಉಳಿದಿರುತ್ತದೆ. ಬೆಂಕಿಯ ಶಾಖದಿಂದ ಕರಗಿದ ತಂತಿಯಾದರೆ ಉದ್ದಕ್ಕೂ ಸವೆದು ಗಂಟುಗಂಟಾಗಿರುತ್ತದೆ. ಆದರೂ ಜಾಣನಾದ ಶೋಧಕನು ಮಣಿಯನ್ನು ಕಂಡೊಡನೆ ತೀರ್ಪು ಕೊಡುವುದಿಲ್ಲ. ಬೇರೆಡೆ ಹುಟ್ಟಿದ ಬೆಂಕಿಯು ಹೊದಿಕೆಯನ್ನು ಸುಟ್ಟ ಮೇಲೂ ತಂತಿಗಳು ತಗುಲಿ ಮಣಿ ಕಟ್ಟಬಹುದು. ಆ ಜಾಗದಲ್ಲಿ ಆ ಗಳಿಗೆಯವರೆಗೆ ವಿದ್ಯುತ್ತು ಇತ್ತೆಂಬುದಷ್ಟೇ ಮಣಿಯ ಸಾಕ್ಷ್ಯ. ಆದ್ದರಿಂದ ಅವನು ಕಡಮೆ ಸುಟ್ಟ ಕಡೆಯಿಂದ ಹೆಚ್ಚು ಸುಟ್ಟ ಕಡೆಗೆ ಹೆಜ್ಜೆಹೆಜ್ಜೆಯಾಗಿ ಸಾಗುತ್ತಾನೆ. ಬೂದಿಯನ್ನು ಪದರಪದರವಾಗಿ ತೆಗೆದು ಜರಡಿ ಹಿಡಿಯುತ್ತಾನೆ. ಆಗಬಹುದಾಗಿದ್ದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಉಳಿದುದನ್ನು ಮಾತ್ರ ಬರೆಯುತ್ತಾನೆ.

ಇಂಥ ಶೋಧನೆಯಿಂದ ಏನು ಪ್ರಯೋಜನವೆಂಬುದಕ್ಕೆ ಅಮೆರಿಕದ ಫೋರ್ಡ್ ಪಿಂಟೋ ಕಾರಿನ ಕಥೆ ಪ್ರಸಿದ್ಧವಾಗಿದೆ. ಅದರ ಪೆಟ್ರೋಲ್ ಟ್ಯಾಂಕು ಹಿಂದಿನ ಅಚ್ಚಿಗೂ ಬಂಪರಿಗೂ ನಡುವೆ ಇತ್ತು. ಹಿಂದಿನಿಂದ ಮತ್ತೊಂದು ವಾಹನ ಗುದ್ದಿದಾಗ ಟ್ಯಾಂಕು ಮುಂದಕ್ಕೆ ತಳ್ಳಲ್ಪಟ್ಟು ಅಚ್ಚಿನ ಬಳಿಯ ಬೋಲ್ಟುಗಳು ಅದನ್ನು ಚುಚ್ಚುತ್ತಿದ್ದವು; ಪೆಟ್ರೋಲು ತುಂಬುವ ಕೊಳವೆಯೂ ಕಳಚಿಬರುತ್ತಿತ್ತು. ಗುದ್ದಿದವನ ತಪ್ಪು ಏನೇ ಇರಲಿ, ಒಳಗಿದ್ದವರು ಸುಟ್ಟುಹೋದುದಕ್ಕೆ ಕಾರಣ ಈ ರಚನೆ. 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ ಪ್ಲಾಸ್ಟಿಕ್ಕಿನ ರಕ್ಷಾಫಲಕವನ್ನೂ ಉದ್ದವಾದ ಕೊಳವೆಯನ್ನೂ ಜೋಡಿಸಬೇಕಾಯಿತು.

ಮೂರನೆಯ ಪ್ರಶ್ನೆ

ಅಪಘಾತದ ಕಾರಣ ಬೇರೆ, ಸಾವಿನ ಕಾರಣ ಬೇರೆ ಎಂಬ ಭೇದವನ್ನು ಸ್ಪಷ್ಟವಾಗಿ ಕಂಡವರಲ್ಲಿ ಅಮೆರಿಕದ ಹ್ಯೂ ಡಿಹೇವನ್ ಎಂಬಾತನು ಮೊದಲಿಗನು. ಒಂದನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ವಿಮಾನ ಚಾಲನೆಯನ್ನು ಕಲಿಯುತ್ತಿದ್ದಾಗ ಅವನ ವಿಮಾನ ಇನ್ನೊಂದಕ್ಕೆ ತಗುಲಿ ಉರುಳಿತು. ಹೊಟ್ಟೆಯೊಳಗಿನ ಅಂಗಗಳಿಗೆ ತೀವ್ರ ಗಾಯವಾದರೂ ಅವನು ಬದುಕಿಕೊಂಡನು. ತನ್ನನ್ನು ಗಾಯಗೊಳಿಸಿದುದು ನೆಲವಲ್ಲ, ಸೊಂಟಪಟ್ಟಿಯ ಕೊಂಡಿ ಎಂಬುದು ಆಮೇಲೆ ಅವನ ಅರಿವಿಗೆ ಬಂತು. 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರನ್ನು ಕುರಿತು 1942ರಲ್ಲಿ ಅವನು ಪ್ರಕಟಿಸಿದ ಲೇಖನ ಈ ಶಾಸ್ತ್ರಕ್ಕೆ ತಳಹದಿಯಾಯಿತು. ಮುಂದೆ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಅವನೂ ಅವನ ಸಂಗಡಿಗರೂ ಪೋಲೀಸರಿಂದಲೂ ವೈದ್ಯರಿಂದಲೂ ಅಪಘಾತಗಳ ವರದಿಗಳನ್ನು ತರಿಸಿ ಹೋಲಿಸಿದಾಗ, ಡಿಕ್ಕಿಯಲ್ಲಿ ಬಾಗಿಲು ತೆರೆದುಕೊಂಡು ಹೊರಗೆಸೆಯಲ್ಪಟ್ಟವರಲ್ಲಿ ಸಾವು ಬಹಳ ಹೆಚ್ಚೆಂಬುದು ಹೊರಬಿತ್ತು. ಅಂದಿನಿಂದ ಕಾರಿನ ಬಾಗಿಲುಗಳಿಗೆ ಡಿಕ್ಕಿಗೂ ಜಗ್ಗದ ಚಿಲಕಗಳು ಬಂದವು.

ಆದರೆ ಬೆಂಕಿಯ ಸಂದರ್ಭದಲ್ಲಿ ಬಾಗಿಲು ತೆರೆಯದಿರುವುದೇ ಮೃತ್ಯುವಾಗುತ್ತದೆ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸೊಂದು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ತಗುಲಿತು. ಇಂಧನದ ಟ್ಯಾಂಕು ಒಡೆಯಿತು. 45 ಮಂದಿ ಸುಟ್ಟು ಸತ್ತರು. ಅದಾದ ಹದಿನೈದೇ ದಿನಗಳಲ್ಲಿ, ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಇನ್ನೊಂದು ಬಸ್ಸು ಹಾವೇರಿ ಜಿಲ್ಲೆಯಲ್ಲಿ ಉರಿದು 7 ಮಂದಿ ಮಡಿದರು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಬೆಂಕಿಗೆ ಆಹುತಿಯಾಗಿ 19 ಮಂದಿ ಪ್ರಯಾಣಿಕರು ಸತ್ತರು. ಬಸ್ಸು ಮೋಟಾರು ಸೈಕಲ್ಲಿಗೆ ಡಿಕ್ಕಿ ಹೊಡೆಯಿತೆಂಬುದು ಮೊದಲು ಹಬ್ಬಿದ ಸುದ್ದಿ. ಬೈಕಿನ ಹಿಂಬದಿಯಲ್ಲಿ ಕುಳಿತಿದ್ದು ಬದುಕಿಕೊಂಡವನ ಹೇಳಿಕೆಯಿಂದ, ಬೈಕು ಅದಕ್ಕೆ ಮುಂಚೆಯೇ ಉರುಳಿ ರಸ್ತೆಯಲ್ಲಿ ಬಿದ್ದಿತ್ತೆಂದೂ ಬಸ್ಸು ಅದರ ಮೇಲೆ ಹಾಯ್ದು ಎಳೆದೊಯ್ದಿತೆಂದೂ ಪೋಲೀಸರಿಗೆ ತಿಳಿದುಬಂತು. ಮೊದಲ ಪ್ರಶ್ನೆಯ ಉತ್ತರ ಹೀಗೆ ಬದಲಾಯಿತು. ಆದರೆ ಉಳಿದೆರಡು ಪ್ರಶ್ನೆಗಳು ಪಾಲೆಂನಲ್ಲಿ ಇದ್ದ ಹಾಗೆಯೇ ಇವೆ: ಚೆಲ್ಲಿದ ಇಂಧನದಿಂದ ಹುಟ್ಟಿದ ಬೆಂಕಿಯನ್ನು ತಡೆಯುವುದು ಹೇಗೆ, ನಿದ್ರೆಯಲ್ಲಿದ್ದ ಜನ ಹೊಗೆ ಕವಿಯುವ ಮುನ್ನ ಹೊರಬರುವುದು ಹೇಗೆ?

ನಾವು ಮಾಡಬಹುದಾದುದು

ವಾಚಕರು ತಾವೇ ಅನುಸರಿಸಬಹುದಾದ ಕೆಲವು ಮಾತುಗಳು ಈ ಶೋಧಕರ ಅನುಭವದಿಂದ ದೊರೆಯುತ್ತವೆ. ರಾತ್ರಿಯ ಬಸ್ಸನ್ನು ಹತ್ತಿದೊಡನೆ ತುರ್ತು ಬಾಗಿಲು ಎಲ್ಲಿದೆ, ತಮ್ಮ ಆಸನದಿಂದ ಅದು ಎಷ್ಟನೆಯ ಸಾಲು ಎಂಬುದನ್ನು ಎಣಿಸಿಕೊಳ್ಳಬೇಕು. ಹೊಗೆಯಲ್ಲಿ ಕಣ್ಣು ಕಾಣದು, ಕೈ ಎಣಿಸಬಲ್ಲುದು. ಕಿಟಕಿಯ ಗಾಜನ್ನು ಸುತ್ತಿಗೆಯಿಂದ ನಡುವೆ ಹೊಡೆಯದೆ ಮೂಲೆಯಲ್ಲಿ ಹೊಡೆಯಬೇಕು. ಕಾರಿನ ತಂತಿಗಳನ್ನು ಕತ್ತರಿಸಿ ಹೆಚ್ಚಿನ ಉಪಕರಣಗಳನ್ನು ಜೋಡಿಸಿಕೊಳ್ಳಬಾರದು. ಪೆಟ್ರೋಲಿನ ವಾಸನೆ ಬಂದರೆ ಅಸಡ್ಡೆಮಾಡಬಾರದು. ಬಾನೆಟ್ಟಿನಿಂದ ಹೊಗೆ ಎದ್ದಾಗ ವಾಹನವನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಎಲ್ಲರೂ ಇಳಿದು ದೂರ ಹೋಗಬೇಕು. ಬಾನೆಟ್ಟನ್ನು ಎತ್ತಿದರೆ ಒಳನುಗ್ಗುವ ಗಾಳಿ ಕಿಡಿಯನ್ನು ಜ್ವಾಲೆಯಾಗಿಸುತ್ತದೆ.

ಉಳಿದುದು ಸರ್ಕಾರದ ಕೆಲಸ. ಅಪಘಾತಗಳ ಕಾರಣಗಳನ್ನು ಆಳವಾಗಿ ಅಧ್ಯಯನಮಾಡಲು ಯೋಜನೆಗಳನ್ನು ರೂಪಿಸಬಹುದೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 135ನೆಯ ಪ್ರಕರಣವು ರಾಜ್ಯಗಳಿಗೆ ಅಧಿಕಾರವನ್ನು ಕೊಟ್ಟಿದೆ. ಆದರೆ ರಸ್ತೆಯನ್ನು ಬೇಗ ತೆರವುಮಾಡುವ ಆತುರದಲ್ಲಿ ಸುಟ್ಟ ವಾಹನವನ್ನು ಕ್ರೇನಿನಿಂದ ಎತ್ತಿ ಠಾಣೆಯ ಅಂಗಳಕ್ಕೆ ತಂದುಹಾಕಿದರೆ, ಒಂದೆರಡು ಮಳೆಗೆ ತಂತಿಯ ಮಣಿಗಳೂ ತಂತುವಿನ ಪುಡಿಯೂ ಮರೆಯಾಗಿ ತುಕ್ಕು ಮಾತ್ರ ಉಳಿಯುತ್ತದೆ. ಕದಲಿಸುವ ಮುನ್ನ ಅದರ ಚಿತ್ರಗಳನ್ನು ತೆಗೆದು, ಅಳತೆಗಳನ್ನು ಗುರುತಿಸಿ, ಬೂದಿಯನ್ನು ಕಾಪಾಡಿ, ಮೂರು ಪ್ರಶ್ನೆಗಳಿಗೂ ಬೇರೆ ಬೇರೆಯಾಗಿ ಉತ್ತರ ಬರೆದಿಡುವ ಪದ್ಧತಿ ಪ್ರತಿಯೊಂದು ಜಿಲ್ಲೆಯಲ್ಲೂ ನೆಲೆಗೊಳ್ಳಬೇಕು. ಆ ಉತ್ತರಗಳು ವಾಹನ ಕಟ್ಟುವವರ ಕೈಗೂ ರಸ್ತೆ ಮಾಡುವವರ ಕೈಗೂ ತಲಪಿದಾಗ, ಇಂದು ರಾತ್ರಿ ಬಸ್ಸು ಹತ್ತುವವರ ಪ್ರಾಣಕ್ಕೆ ಇನ್ನಷ್ಟು ರಕ್ಷಣೆ ದೊರೆಯುತ್ತದೆ.