ಕಂಪ್ಯೂಟರ್ ಕಲಿಕೆಗೆ ಕಂಪ್ಯೂಟರೇ ಊರುಗೋಲು

ನಿಮ್ಮ ಮನೆಯಲ್ಲಿಯೋ ನೆಂಟರ ಮನೆಯಲ್ಲಿಯೋ ಇಂಜಿನಿಯರಿಂಗಿಗೆ ಅಥವಾ ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸಿಗೆ ಹೊಸದಾಗಿ ಸೇರಿದ ಮಕ್ಕಳಿದ್ದರೆ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರಬಹುದು. ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ತಂದ ಹುಡುಗನೂ ಪ್ರೋಗ್ರಾಮಿಂಗ್ ತರಗತಿ ಮುಗಿಸಿ ಸಪ್ಪೆ ಮುಖ ಹೊತ್ತು ಬರುತ್ತಾನೆ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಮುಂಬಯಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಕಾಲೇಜಿಗೆ ಹೋಗುವ ಹುಡುಗಿಯಂತೂ ಈ ವಿದ್ಯೆ ತನಗೆ ಒಗ್ಗದೆಂದು ಒಂದೆರಡು ತಿಂಗಳಲ್ಲೇ ತೀರ್ಮಾನಿಸಿಬಿಡುತ್ತಾಳೆ. ನಾವೂ 'ಕಾಮರ್ಸಿಗೆ ಹೋಗಬಹುದಿತ್ತು' ಎಂದು ಸುಮ್ಮನಾಗುತ್ತೇವೆ. ಹಾಗೆ ಕೈಬಿಡುವ ಮೊದಲು ತೊಡಕು ಎಲ್ಲಿದೆಯೆಂದು ತುಸು ನೋಡೋಣ.

ಮೊದಲ ವಾರದಲ್ಲೇ ಬರುವ ಸಾಲೊಂದಿದೆ: ಎಣಿಕೆ = ಎಣಿಕೆ + 1. ಬೀಜಗಣಿತ ಕಲಿತವರ ಕಣ್ಣಿಗೆ ಇದು ಶುದ್ಧ ಸುಳ್ಳು. ಯಾವ ಸಂಖ್ಯೆ ತಾನೇ ತನಗಿಂತ ಒಂದು ಹೆಚ್ಚಾಗಿರಲು ಸಾಧ್ಯ? ಆದರೆ ಇಲ್ಲಿನ ಸಮ ಚಿಹ್ನೆ ಸಮವೆಂದು ಸಾರುವುದಿಲ್ಲ, ಒಂದು ಆಜ್ಞೆ ಕೊಡುತ್ತದೆ. ಬಲಗಡೆಯದನ್ನು ಲೆಕ್ಕ ಹಾಕು, ಬಂದದ್ದನ್ನು ಎಡಗಡೆಯ ಹೆಸರಿನ ಡಬ್ಬಿಯಲ್ಲಿಡು, ಅಷ್ಟೇ. ಡಬ್ಬಿಯಲ್ಲಿ 4 ಇದ್ದರೆ ಅದು ಅಳಿದು 5 ಬರುತ್ತದೆ. ಸ್ಲೇಟಿನ ಮೇಲೆ ನಾಲ್ಕನ್ನು ಒರೆಸಿ ಐದು ಬರೆದಂತೆ. ಇದರಲ್ಲಿ ಕಷ್ಟವೇನೂ ಇಲ್ಲ. ಒರೆಸುವುದೂ ಬರೆಯುವುದೂ ಯಂತ್ರದ ಹೊಟ್ಟೆಯೊಳಗೆ ನಡೆಯುವುದರಿಂದ ಕಾಣುವುದಿಲ್ಲ, ತೊಂದರೆ ಅಲ್ಲಿದೆ. ಅಧ್ಯಾಪಕರು ಹಲಗೆಯ ಮೇಲೆ ತೋರಿಸುತ್ತಾರೆ, ನಿಜ. ಆದರೆ ಇದೇ ಸಾಲು ಲೂಪಿನಲ್ಲಿ ಹತ್ತು ಸಲ ತಿರುಗುವುದನ್ನು ಸೀಮೆಸುಣ್ಣದಿಂದ ಬರೆದು ಅಳಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಗಂಟೆಯೂ ಬಾರಿಸಿಬಿಡುತ್ತದೆ!

ಈ ಕಾಣದ ಕೆಲಸವನ್ನು ಕಾಣಿಸಲೆಂದೇ ಅಮೆರಿಕದ ಫಿಲಿಪ್ ಗುವೊ 2010ರಲ್ಲಿ 'ಪೈಥಾನ್ ಟ್ಯೂಟರ್' ಎಂಬ ಸಾಧನವನ್ನು ಆರಂಭಿಸಿದರು. ಇಂಟರ್‌ನೆಟ್ಟಿನಲ್ಲಿ ಅದು ಉಚಿತ. ಪೈಥಾನ್ ಮಾತ್ರವಲ್ಲ, ಸಿ, ಜಾವಾ ಭಾಷೆಗಳ ಪ್ರೋಗ್ರಾಮುಗಳನ್ನೂ ಅದರಲ್ಲಿ ಹಾಕಬಹುದು. ಒಂದೊಂದು ಸಲ ಗುಂಡಿ ಒತ್ತಿದಾಗಲೂ ಪ್ರೋಗ್ರಾಮು ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ, ಯಾವ ಸಾಲಿನಲ್ಲಿದ್ದೇವೆಂದು ಬಾಣವೊಂದು ತೋರಿಸುತ್ತದೆ, ಪಕ್ಕದಲ್ಲಿ ಯಾವ ಡಬ್ಬಿಯಲ್ಲಿ ಏನಿದೆಯೆಂದು ಕಾಣುತ್ತದೆ. ತಪ್ಪಿದರೆ ಹಿಂದಕ್ಕೂ ಬರಬಹುದು. ಹಲಗೆಯ ಮೇಲೆ ಒಮ್ಮೆ ಅಳಿಸಿದ್ದನ್ನು ಹೀಗೆ ಮರಳಿ ಪಡೆಯುವಂತಿಲ್ಲ. ಅಂದಹಾಗೆ, ಪೈಥಾನಿನ 3ನೆಯ ಆವೃತ್ತಿಯಲ್ಲಿ ಡಬ್ಬಿಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಮೇಲಿನ ಸಾಲನ್ನು ಇದ್ದಂತೆಯೇ ಬರೆದರೂ ಯಂತ್ರ ತಕರಾರು ಮಾಡದು. ಮೊದಲೊಂದು ಸಾಲಿನಲ್ಲಿ ಎಣಿಕೆಗೆ ಬೆಲೆ ಕೊಟ್ಟಿರಬೇಕು, ಅಷ್ಟೆ.

ಆದರೆ ಚಿತ್ರ ನೋಡಿದ ಮಾತ್ರಕ್ಕೆ ವಿದ್ಯೆ ಬಂದೀತೆ? ಹಂಡ್‌ಹೌಸನ್, ಡಗ್ಲಸ್, ಸ್ಟಾಸ್ಕೊ ಎಂಬ ಮೂವರು 2002ರಲ್ಲಿ ಇಂತಹ ಚಿತ್ರಪಾಠಗಳ ಬಗ್ಗೆ ನಡೆದಿದ್ದ 24 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ವಿದ್ಯಾರ್ಥಿ ಏನನ್ನು ನೋಡಿದ ಎಂಬುದಕ್ಕಿಂತ ಅದರೊಡನೆ ಏನು ಮಾಡಿದ ಎಂಬುದೇ ಮುಖ್ಯವೆಂದು ಅವರಿಗೆ ಕಂಡುಬಂತು. ಸುಮ್ಮನೆ ಗುಂಡಿ ಒತ್ತುತ್ತ ಹೋದರೆ ಅದು ಸಿನಿಮಾ. ಮುಂದೇನಾಗುತ್ತದೆಂದು ಕಾಗದದ ಮೇಲೆ ಬರೆದಿಟ್ಟು ಆಮೇಲೆ ಒತ್ತಿದರೆ ಪಾಠ. 2022ರ ಕೊನೆಗೆ ಬಂದ ಚಾಟ್‌ಜಿಪಿಟಿಯಂಥ ಸಾಧನಗಳಿಗೂ ಇದೇ ಮಾತು ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಉತ್ತರ ಬರೆಸಿಕೊಳ್ಳುವವನಿಗೆ ಅವು ಪಕ್ಕದವನ ಉತ್ತರಪತ್ರಿಕೆಯಿದ್ದಂತೆ. ತಾನೇ ಬರೆದು 'ಇದರಲ್ಲಿ ಎಲ್ಲಿ ಎಡವಿದ್ದೇನೆ?' ಎಂದು ಕೇಳುವವನಿಗೆ ಉಪಕಾರಿಯಾದಾವು.

ಇನ್ನು ಭಾಷೆಯ ತೊಡಕು. ಇದಕ್ಕೆ ಮದ್ದು ನಮ್ಮ ಪವಾಯಿಯಲ್ಲೇ ಇದೆ. ಐ.ಐ.ಟಿ.ಯ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ರೂಪುಗೊಂಡ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳು ಒಂದೊಂದೂ ಸುಮಾರು ಹತ್ತು ನಿಮಿಷದವು. ಪರದೆ ಇಂಗ್ಲಿಷಿನದೇ, ವಿವರಿಸುವ ದನಿ ಮಾತ್ರ ಕನ್ನಡ ಸೇರಿದಂತೆ ನಮ್ಮ ದೇಶದ ಹಲವು ಭಾಷೆಗಳದು. ಹೀಗಾಗಿ ವಿಷಯ ತಾಯ್ನುಡಿಯಲ್ಲಿ ಅರ್ಥವಾದರೂ ಪರೀಕ್ಷೆಗೂ ಕೆಲಸಕ್ಕೂ ಬೇಕಾದ ಇಂಗ್ಲಿಷ್ ಪದಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ಆ ವಿಷಯ ಅರಿಯದವರೊಬ್ಬರು ಪಾಠದ ಬರಹವನ್ನು ಪರೀಕ್ಷಿಸಿದ ಮೇಲೆಯೇ ಅದನ್ನು ಮುದ್ರಿಸುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದಾರೆ. ನಮ್ಮ ಪಠ್ಯಪುಸ್ತಕ ಬರೆಯುವವರೂ ಇದನ್ನು ಅನುಸರಿಸಿದ್ದರೆ! ಪರದೆಯ ಅರ್ಧದಲ್ಲಿ ಪಾಠ ಓಡುತ್ತಿರಬೇಕು, ಉಳಿದರ್ಧದಲ್ಲಿ ಕಲಿಯುವವರ ಕೈ ಓಡುತ್ತಿರಬೇಕು. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಊರಿದು. ಸ್ವಂತ ಬಲದಿಂದ ಕಲಿಯುವ ಈ ದಾರಿ ನಮಗೆ ಅಪರಿಚಿತವೇನಲ್ಲ.

ನಿಮಗೆ ಕಂಪ್ಯೂಟರ್ ಬಾರದಿದ್ದರೂ ಚಿಂತೆಯಿಲ್ಲ. ಈ ಭಾನುವಾರ ಮಗುವಿನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ಪ್ರತಿ ಸಲ ಗುಂಡಿ ಒತ್ತುವ ಮುನ್ನ 'ಈಗ ಡಬ್ಬಿಯಲ್ಲಿ ಎಷ್ಟು ಬರುತ್ತದೆ?' ಎಂದು ಕೇಳಿ, ಉತ್ತರ ಬರುವ ತನಕ ಕಾಯಿರಿ.