ಗಾಯ ಸೂಜಿಮೊನೆಯಷ್ಟು, ನಿರ್ಧಾರ ದೊಡ್ಡದು

1964ರ ಜನವರಿ 16. ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರ. 82 ವರ್ಷದ ವೃದ್ಧೆಯೊಬ್ಬರ ಎಡಗಾಲಿಗೆ ರಕ್ತ ಸರಿಯಾಗಿ ಹರಿಯದೆ ಬೆರಳುಗಳು ಕೊಳೆಯತೊಡಗಿದ್ದವು. ಕಾಲು ಕತ್ತರಿಸದೆ ವಿಧಿಯಿಲ್ಲ ಎಂದು ವೈದ್ಯರು ಹೇಳಿದ್ದರು. ಆಕೆ ಸುತರಾಂ ಒಪ್ಪಲಿಲ್ಲ. ಆಗ ಚಾರ್ಲ್ಸ್ ಡಾಟರ್ ಎಂಬ ಕ್ಷ-ಕಿರಣ ತಜ್ಞರು ಹೊಸದೊಂದು ದಾರಿ ಹಿಡಿದರು. ಸೂಜಿ ಚುಚ್ಚಿದ ರಂಧ್ರದ ಮೂಲಕ ತೊಡೆಯ ರಕ್ತನಾಳದೊಳಗೆ ತೆಳುವಾದ ತಂತಿ ಇಳಿಸಿದರು. ಅದರ ಮೇಲೆ ನಳಿಕೆ ತೂರಿಸಿ, ಬಳಿಕ ಅದಕ್ಕಿಂತ ದಪ್ಪನೆಯ ನಳಿಕೆ ತೂರಿಸಿ, ಕಿರಿದಾಗಿದ್ದ ಜಾಗವನ್ನು ಹಿಗ್ಗಿಸಿದರು. ತಣ್ಣಗಿದ್ದ ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು. ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದ ಆಕೆ ತನ್ನೆರಡು ಕಾಲುಗಳ ಮೇಲೆಯೇ ಓಡಾಡಿದರು.

ದೇಹವನ್ನು ಬಗೆಯದೆ, ಒಳಗಿನ ಚಿತ್ರವನ್ನು ಪರದೆಯ ಮೇಲೆ ನೋಡುತ್ತ ಮಾಡುವ ಇಂಥ ಚಿಕಿತ್ಸೆಗಳು ಇಂದು ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲೂ ನಡೆಯುತ್ತವೆ. ಆದರೆ ‘ಚಿಕ್ಕ ರಂಧ್ರ ಅಷ್ಟೆ, ನಾಳೆಯೇ ಮನೆಗೆ ಹೋಗಬಹುದು’ ಎಂಬ ಮಾತು ಕೇಳಿ ತಲೆಯಾಡಿಸುವ ಮುನ್ನ ರೋಗಿಯೂ ಮನೆಯವರೂ ತಿಳಿದಿರಬೇಕಾದ ಸಂಗತಿಗಳಿವೆ.

ಒಳಗೆ ನಡೆಯುವುದೇನು?

ಈ ವಿದ್ಯೆಯ ಬುನಾದಿ ಬಹಳ ಸರಳ. 1953ರಲ್ಲಿ ಸ್ವೀಡನ್ನಿನ ಯುವ ವೈದ್ಯ ಸ್ವೆನ್ ಐವರ್ ಸೆಲ್ಡಿಂಗರ್ ಅದನ್ನು ಪ್ರಕಟಿಸಿದರು. ಮೊದಲು ರಕ್ತನಾಳಕ್ಕೆ ಸೂಜಿ, ಸೂಜಿಯೊಳಗಿಂದ ತಂತಿ; ಸೂಜಿ ಹೊರಗೆ ತೆಗೆದು, ತಂತಿಯ ಜಾಡು ಹಿಡಿದು ಕೆಥೆಟರ್ ಎಂಬ ಮೆತ್ತನೆಯ ನಳಿಕೆ. 1977ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಆಂದ್ರಿಯಾಸ್ ಗ್ರುಂಟ್ಸಿಗ್ ಅವರು ಇಂಥದೇ ನಳಿಕೆಯ ತುದಿಗೆ ಪುಟ್ಟ ಬಲೂನು ಜೋಡಿಸಿ, ಎಚ್ಚರವಾಗಿದ್ದ ರೋಗಿಯ ಹೃದಯದ ರಕ್ತನಾಳವನ್ನು ಹಿಗ್ಗಿಸಿದರು. ಅದೇ ಇಂದಿನ ಆಂಜಿಯೋಪ್ಲಾಸ್ಟಿ.

ಹೃದಯಕ್ಕಷ್ಟೇ ಇದು ಸೀಮಿತವಲ್ಲ. ಲಿವರ್‌ನಲ್ಲಿ ತುಂಬಿದ ಕೀವನ್ನು ಹೊರಹರಿಸಲು, ಅನುಮಾನದ ಗಡ್ಡೆಯಿಂದ ಬಯಾಪ್ಸಿಗೆ ಚೂರು ತೆಗೆಯಲು, ಗರ್ಭಕೋಶದ ಗಡ್ಡೆಗೆ ಹೋಗುವ ರಕ್ತವನ್ನು ತಡೆಯಲು, ಪಾರ್ಶ್ವವಾಯುವಿಗೆ ಕಾರಣವಾದ ಹೆಪ್ಪನ್ನು ಮಿದುಳಿನ ರಕ್ತನಾಳದಿಂದ ಎಳೆದು ತೆಗೆಯಲು ಇದೇ ಬಗೆಯ ವಿಧಾನ ಬಳಕೆಯಲ್ಲಿದೆ. ದಾರಿ ತೋರಿಸುವುದು ಅಲ್ಟ್ರಾಸೌಂಡ್, ಸಿ.ಟಿ. ಅಥವಾ ಚಲಿಸುವ ಕ್ಷ-ಕಿರಣ ಚಿತ್ರ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸುವ ಲ್ಯಾಪ್ರೋಸ್ಕೋಪಿಯನ್ನೂ ಇದನ್ನೂ ಹಲವರು ಒಂದೇ ಎಂದು ತಿಳಿಯುತ್ತಾರೆ, ಎರಡೂ ಬೇರೆ.

ಮುಚ್ಚಿಡಬಾರದ ವಿಷಯಗಳು

ತಯಾರಿ ಶುರುವಾಗುವುದು ಮನೆಯಲ್ಲೇ. ದಿನನಿತ್ಯ ನುಂಗುವ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು. ನಾಟಿ ಔಷಧಿ ಇದ್ದರೆ ಅದನ್ನೂ ಹೇಳಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಗಳನ್ನು ಕೆಲವು ಚಿಕಿತ್ಸೆಗೆ ಮುನ್ನ ನಿಲ್ಲಿಸಬೇಕಾಗುತ್ತದೆ, ಕೆಲವಕ್ಕೆ ನಿಲ್ಲಿಸಲೇಬಾರದು. ಇದನ್ನು ರೋಗಿ ತಾನೇ ನಿರ್ಧರಿಸುವಂತಿಲ್ಲ. ಸಾಮಾನ್ಯವಾಗಿ ಆರು ಗಂಟೆ ಮೊದಲೇ ಊಟ ನಿಲ್ಲಿಸಲು ಹೇಳುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಖಾಲಿ ಹೊಟ್ಟೆಯಲ್ಲಿ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ಅಂಶ ಅಪಾಯಕ್ಕೆ ಇಳಿಯಬಹುದು. ಅಂದಿನ ಪ್ರಮಾಣವೆಷ್ಟು ಎಂದು ಮೊದಲೇ ಕೇಳಿಕೊಳ್ಳಬೇಕು.

ರಕ್ತನಾಳ ಪರದೆಯ ಮೇಲೆ ಎದ್ದು ಕಾಣಲೆಂದು ಅಯೋಡಿನ್ ಇರುವ ದ್ರವವನ್ನು ಬಿಡುತ್ತಾರೆ. ಆಸ್ಪತ್ರೆಯ ಆಡುಮಾತಿನಲ್ಲಿ ಅದು ‘ಡೈ’. ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ಅದು ಹೊರೆಯಾಗಬಹುದಾದ್ದರಿಂದಲೇ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುವುದು. ಹಿಂದೆಂದಾದರೂ ಡೈಯಿಂದ ಮೈಮೇಲೆ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಮುಚ್ಚಿಡಬಾರದು. ಗರ್ಭಿಣಿಯಾಗಿರುವ ಸಾಧ್ಯತೆಯನ್ನೂ ಸಂಕೋಚವಿಲ್ಲದೆ ತಿಳಿಸಬೇಕು.

ಮೇಜಿನ ಮೇಲೆ

ಬಹಳಷ್ಟು ರೋಗಿಗಳಿಗೆ ಅಚ್ಚರಿ ತರುವ ಸಂಗತಿಯೆಂದರೆ, ತಾವು ಎಚ್ಚರವಾಗಿಯೇ ಇರುತ್ತೇವೆ ಎಂಬುದು. ಸಾಮಾನ್ಯವಾಗಿ ಚುಚ್ಚುವ ಜಾಗವನ್ನಷ್ಟೇ ಜೋಮುಗೊಳಿಸುತ್ತಾರೆ. ಆ ಚುಚ್ಚುಮದ್ದು ಕೆಲವು ಕ್ಷಣ ಉರಿಯುತ್ತದೆ. ಬೇಕಿದ್ದರೆ ಮಂಪರು ಬರುವ ಔಷಧಿಯನ್ನೂ ಕೊಡುತ್ತಾರೆ. ಮಕ್ಕಳಿಗೆ ಮತ್ತು ಕೆಲವು ದೀರ್ಘ ಚಿಕಿತ್ಸೆಗಳಿಗೆ ಪೂರ್ಣ ಅರಿವಳಿಕೆ ಬೇಕಾಗಬಹುದು. ಕೊಠಡಿ ತಣ್ಣಗಿರುತ್ತದೆ, ಮೇಜು ಗಟ್ಟಿ. ಡೈ ಬಿಟ್ಟಾಗ ಮೈಯೆಲ್ಲ ಬಿಸಿಯಾದಂತೆ, ಅರಿಯದೆ ಮೂತ್ರ ಹೋದಂತೆ ಅನಿಸಬಹುದು. ಅದು ಬರೀ ಭಾಸ, ಕ್ಷಣಗಳಲ್ಲಿ ಮಾಯವಾಗುತ್ತದೆ. ರಕ್ತನಾಳದೊಳಗೆ ನಳಿಕೆ ಸಾಗುವುದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಹೃದಯದಲ್ಲಿ ಬಲೂನು ಉಬ್ಬಿಸಿದಾಗ ಮಾತ್ರ ಎದೆ ಬಿಗಿದಂತಾಗಬಹುದು. ಆಗ ಸುಮ್ಮನಿರದೆ ಹೇಳಬೇಕು.

ವೈದ್ಯರು ಸೀಸದ ಕವಚ ತೊಟ್ಟಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ದಿನವೂ ಕ್ಷ-ಕಿರಣದ ಬಳಿ ಕೆಲಸ ಮಾಡುವವರಿಗೆ ಅದು ಅನಿವಾರ್ಯ. ರೋಗಿಯ ಪಾಲಿನ ಕೆಲಸ ಎರಡೇ: ಅಲುಗಾಡದೆ ಮಲಗುವುದು, ‘ಉಸಿರು ಬಿಗಿಹಿಡಿಯಿರಿ’ ಎಂದಾಗ ಹಿಡಿಯುವುದು.

ಮುಗಿದ ಮೇಲೆ

ತೊಡೆಸಂದಿನಲ್ಲಿ ಚುಚ್ಚಿದ್ದರೆ ಕೆಲವು ಗಂಟೆ ಕಾಲು ಮಡಿಸದೆ ಮಲಗಿರಬೇಕು. ಮಣಿಕಟ್ಟಿನಲ್ಲಿ ಚುಚ್ಚಿದ್ದರೆ ಬೇಗ ಎದ್ದು ಕೂರಬಹುದು. ಚುಚ್ಚಿದ ಜಾಗದಲ್ಲಿ ನೀಲಿಗಟ್ಟುವುದು, ಸ್ವಲ್ಪ ನೋಯುವುದು ಸಹಜ. ಆದರೆ ಮನೆಗೆ ಬಂದ ಮೇಲೆ ರಕ್ತ ಸೋರತೊಡಗಿದರೆ ರೋಗಿಯನ್ನು ಮಲಗಿಸಿ, ಆ ಜಾಗವನ್ನು ಬಲವಾಗಿ ಒತ್ತಿ ಹಿಡಿಯಬೇಕು. ರಕ್ತ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಜಾಗ ಊದುತ್ತ ಹೋದರೆ, ಕೈಕಾಲು ತಣ್ಣಗಾದರೆ ಇಲ್ಲವೆ ಮರಗಟ್ಟಿದರೆ, ಚಳಿಜ್ವರ, ಎದೆನೋವು, ಉಬ್ಬಸ ಬಂದರೆ ‘ಬೆಳಿಗ್ಗೆ ನೋಡೋಣ’ ಎನ್ನಬಾರದು.

ಸ್ಟೆಂಟ್ ಹಾಕಿಸಿಕೊಂಡವರು ಮೈ ಹಗುರವಾಯಿತೆಂದು ಮಾತ್ರೆ ಬಿಟ್ಟರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಬಯಾಪ್ಸಿ ಆದವರಿಗೆ ಫಲಿತಾಂಶ ಅಂದೇ ಸಿಗುವುದಿಲ್ಲ. ಕೆಲವು ದಿನ ಕಾಯಬೇಕು, ತೆಗೆದ ಚೂರು ಸಾಲದಿದ್ದರೆ ಮತ್ತೊಮ್ಮೆ ಚುಚ್ಚಬೇಕಾಗಬಹುದು.

ಸಹಿಗೆ ಮುನ್ನ ಪ್ರಶ್ನೆ

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಇದು ಬೇಕೇ? ಚಿಕಿತ್ಸೆ ಸುಲಭವಾಯಿತು ಎಂಬುದೇ ಅದನ್ನು ಮಾಡಿಸಿಕೊಳ್ಳಲು ಕಾರಣವಾಗಬಾರದು. ಹೃದಯಾಘಾತವಾದ ಕ್ಷಣದಲ್ಲಿ ಆಂಜಿಯೋಪ್ಲಾಸ್ಟಿ ಜೀವ ಉಳಿಸುತ್ತದೆ. ಅಲ್ಲಿ ತಡಮಾಡುವುದೇ ಅಪಾಯ. ಆದರೆ ನಡೆದಾಗ ಮಾತ್ರ ಎದೆನೋವು ಬಂದು, ಕಾಯಿಲೆ ಸ್ಥಿರವಾಗಿರುವವರ ವಿಷಯ ಬೇರೆ. 2007ರಲ್ಲಿ ಪ್ರಕಟವಾದ ‘ಕರೇಜ್’ ಅಧ್ಯಯನದಲ್ಲಿ ಅಂಥ 2,287 ರೋಗಿಗಳಿದ್ದರು. ಉತ್ತಮ ಔಷಧೋಪಚಾರದ ಜೊತೆಗೆ ಆಂಜಿಯೋಪ್ಲಾಸ್ಟಿಯನ್ನೂ ಮಾಡಿದ್ದರಿಂದ ಅವರಲ್ಲಿ ಸಾವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. 2012ರ ‘ಫ್ರೀಡಂ’ ಅಧ್ಯಯನ ಇನ್ನೊಂದು ಪಾಠ ಕಲಿಸಿತು. ಸಕ್ಕರೆ ಕಾಯಿಲೆ ಇದ್ದು ಹೃದಯದ ಹಲವು ರಕ್ತನಾಳಗಳು ಕಟ್ಟಿಕೊಂಡವರಿಗೆ, ಎದೆ ತೆರೆದು ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆಯೇ ಒಟ್ಟಾರೆ ಮೇಲು ಎಂದು ಅದು ತೋರಿಸಿತು. ಚಿಕ್ಕ ಗಾಯವೇ ಸದಾ ಒಳ್ಳೆಯ ಆಯ್ಕೆಯಲ್ಲ.

ಖರ್ಚಿನ ಲೆಕ್ಕವನ್ನೂ ಕೇಳಲು ಹಿಂಜರಿಯಬೇಕಿಲ್ಲ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಅದು ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ಬೇರೆಯಾಗಿ ತೋರಿಸುವಂತೆ ರೋಗಿ ಕೇಳಬಹುದು.

ಅನೇಕ ಮನೆಗಳಲ್ಲಿ ಇಂಗ್ಲಿಷಿನಲ್ಲಿರುವ ಒಪ್ಪಿಗೆ ಪತ್ರ ಕೊನೆಗೆ ಬರುವುದು ಕಾಲೇಜಿಗೆ ಹೋಗುವ ಮಗ ಅಥವಾ ಮಗಳ ಕೈಗೆ. ‘ಎಲ್ಲಿ ಸಹಿ ಹಾಕಲಿ?’ ಎಂದು ಅಪ್ಪ ಕೇಳಿದಾಗ ಜಾಗ ತೋರಿಸಿದರೆ ಸಾಲದು. ಓದಿ, ಕನ್ನಡದಲ್ಲಿ ಹೇಳಿ, ಅರ್ಥವಾಗದ್ದಕ್ಕೆ ಗುರುತು ಹಾಕಿ ವೈದ್ಯರನ್ನು ಕೇಳಬೇಕು. ಇದರಿಂದ ಏನು ಲಾಭ, ಏನು ಅಪಾಯ, ಬೇರೆ ದಾರಿ ಯಾವುದು, ಏನೂ ಮಾಡದಿದ್ದರೆ ಏನಾದೀತು? ಈ ನಾಲ್ಕು ಪ್ರಶ್ನೆಗಳಿಗೆ ಸಿಕ್ಕ ಉತ್ತರವನ್ನು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದುಕೊಂಡು ಅಪ್ಪನಿಗೆ ಓದಿ ಹೇಳಿದ ಮೇಲೆ ಪೆನ್ನು ಕೊಡಲಿ.