ರೌಟರ್ ಇಲ್ಲದೆ ಗಣಕಯಂತ್ರಗಳ ನೇರ ನಿಸ್ತಂತು ಜೋಡಣೆ

ಬಾಗಲಕೋಟೆಯ ಅಡತಿ ಅಂಗಡಿಯಿರಲಿ, ಹುನಗುಂದದ ಕಿರಾಣಿ ಸಗಟು ಮಳಿಗೆಯಿರಲಿ, ಎರಡು ಗಣಕಯಂತ್ರಗಳಿರುವುದು ಈಗ ಸಾಮಾನ್ಯ. ಒಂದು ಗಲ್ಲೆಯ ಬಳಿ ಬಿಲ್ಲಿಗಾಗಿ, ಇನ್ನೊಂದು ಒಳಕೋಣೆಯಲ್ಲಿ ಲೆಕ್ಕಪತ್ರಕ್ಕಾಗಿ. ಇವೆರಡರ ನಡುವೆ ಮಾಹಿತಿ ಓಡಾಡುವುದು ಮಾತ್ರ ಪೆನ್‌ಡ್ರೈವ್ ಮೂಲಕ. ಸೋಮವಾರದ ಪ್ರತಿ ಒಂದರಲ್ಲಿ, ಬುಧವಾರದ ಪ್ರತಿ ಇನ್ನೊಂದರಲ್ಲಿ ಉಳಿದು, ತಿಂಗಳ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಸಲ್ಲಿಸಬೇಕಾದ ವರ್ತಕರು ಯಾವುದು ಸರಿಯಾದ ಲೆಕ್ಕವೆಂದು ತಡಕಾಡುವಂತಾಗುತ್ತದೆ. ಎರಡೂ ಯಂತ್ರಗಳು ಒಂದೇ ಕಡತವನ್ನು ನೋಡುವಂತಾದರೆ ಈ ತೊಂದರೆಯಿಲ್ಲ. ಅದಕ್ಕೆ ರೌಟರಾಗಲಿ ಅಂತರಜಾಲ ಸಂಪರ್ಕವಾಗಲಿ ಕಡ್ಡಾಯವಲ್ಲ.

ವೈ-ಫೈ ಉಳ್ಳ ಪ್ರತಿ ಗಣಕಯಂತ್ರದಲ್ಲಿಯೂ ರೇಡಿಯೋ ಅಲೆಗಳನ್ನು ಕಳುಹಿಸುವ ಮತ್ತು ಸ್ವೀಕರಿಸುವ ಪುಟ್ಟ ಸಾಧನವಿರುತ್ತದೆ. ರೌಟರ್ ಇವುಗಳ ನಡುವಣ ಮಧ್ಯವರ್ತಿ ಮಾತ್ರ. 1997ರಲ್ಲಿ ರೂಪುಗೊಂಡ 802.11 ಮಾನಕದಲ್ಲಿಯೇ ಮಧ್ಯವರ್ತಿಯಿಲ್ಲದೆ ಯಂತ್ರಗಳು ನೇರವಾಗಿ ಸಂಪರ್ಕಿಸುವ 'ಅಡ್‌ಹಾಕ್' ವಿಧಾನಕ್ಕೆ ಅವಕಾಶವಿತ್ತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಬಳಕೆಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅಡ್‌ಹಾಕ್ ಜೋಡಣೆ ಸುಲಭವಾಗಿದ್ದರೂ ಅದರ ರಕ್ಷಣೆ ಸಾಮಾನ್ಯವಾಗಿ 'ವೆಪ್' ಎಂಬ ದುರ್ಬಲ ಬೀಗಕ್ಕೆ ಸೀಮಿತವಾಗಿತ್ತು. 2012ರ ವಿಂಡೋಸ್ 8ರಲ್ಲಿ ಆ ಆಯ್ಕೆಯನ್ನು ಪರದೆಯಿಂದ ತೆಗೆದುಹಾಕಲಾಯಿತು. ಹಳೆಯ ಕೈಪಿಡಿ ಹಿಡಿದು ಅದನ್ನು ಹುಡುಕುವುದು ವ್ಯರ್ಥ.

ಅದರ ಸ್ಥಾನವನ್ನು ಇಂದು 'ಮೊಬೈಲ್ ಹಾಟ್‌ಸ್ಪಾಟ್' ತುಂಬಿದೆ. ವಿಂಡೋಸ್ 10 ಹಾಗೂ 11ರ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಚಾಲನೆಗೊಳಿಸಿದರೆ ಆ ಯಂತ್ರವೇ ಕೇಂದ್ರವಾಗಿ, 8 ಸಾಧನಗಳವರೆಗೆ ಅದಕ್ಕೆ ಸೇರಬಹುದು. ಆದರೆ ಆ ಯಂತ್ರಕ್ಕೆ ಮೊದಲೇ ಯಾವುದಾದರೊಂದು ಜಾಲಸಂಪರ್ಕವಿಲ್ಲದಿದ್ದರೆ ವಿಂಡೋಸ್ ಇದಕ್ಕೆ ಒಪ್ಪುವುದಿಲ್ಲ. ಅಂತಹ ಕಡೆ ಆಂಡ್ರಾಯ್ಡ್ ಫೋನೇ ಸಾಕು. ಫೋನಿನ ಹಾಟ್‌ಸ್ಪಾಟ್ ಹಾಕಿ, ಮೊಬೈಲ್ ಡೇಟಾ ನಿಲ್ಲಿಸಿ, ಎರಡೂ ಯಂತ್ರಗಳನ್ನು ಅದಕ್ಕೆ ಸೇರಿಸಿದರಾಯಿತು. ಡೇಟಾ ನಿಲ್ಲಿಸದಿದ್ದರೆ ವಿಂಡೋಸ್ ತನ್ನ ನವೀಕರಣಗಳನ್ನು ಇಳಿಸಿಕೊಳ್ಳುತ್ತ ಇಡೀ ದಿನದ ಡೇಟಾವನ್ನು ಬೆಳಗ್ಗೆಯೇ ಮುಗಿಸಬಲ್ಲದು!

ಸೇರಿದ ನಂತರ ಎರಡೂ ಯಂತ್ರಗಳಲ್ಲಿ ಆ ಜಾಲವನ್ನು 'ಪ್ರೈವೇಟ್' ಎಂದು ಗುರುತಿಸಿ, ಫೈಲ್ ಶೇರಿಂಗ್ ಚಾಲನೆಗೊಳಿಸಬೇಕು. ಇಡೀ ಡ್ರೈವ್ ಹಂಚದೆ ಬೇಕಾದ ಒಂದೇ ಫೋಲ್ಡರನ್ನು ಹಂಚುವುದು ಕ್ಷೇಮ. ದಾಸ್ತಾನು ಪಟ್ಟಿ, ಬಿಲ್ಲಿನ ಪ್ರತಿ, ಇಳಕಲ್ ಸೀರೆಯ ತೋಪು ತೆನಿ ಸೆರಗಿನ ಚಿತ್ರಗಳು ಇಷ್ಟಕ್ಕೆ ಈ ವ್ಯವಸ್ಥೆ ಧಾರಾಳ ಸಾಕು. ಟ್ಯಾಲಿಯಂತಹ ಲೆಕ್ಕದ ತಂತ್ರಾಂಶದ ಮಾತು ಬೇರೆ. ಏಕಕಾಲಕ್ಕೆ ಎರಡು ಯಂತ್ರಗಳಲ್ಲಿ ಕೆಲಸ ಮಾಡಲು ಅದರ ಬಹುಬಳಕೆದಾರರ ಗೋಲ್ಡ್ ಪರವಾನಗಿ ಬೇಕು, ಸಿಲ್ವರ್ ಸಾಲದು. ಅಲ್ಲದೆ ನಮೂದು ಮಾಡುತ್ತಿರುವಾಗ ನಿಸ್ತಂತು ಸಂಪರ್ಕ ಕಡಿದರೆ ದತ್ತಾಂಶವೇ ಕೆಡುವ ಸಂಭವವಿದೆ. ಆದ್ದರಿಂದ ಲೆಕ್ಕಪತ್ರಕ್ಕೆ ನಮ್ಮ ಸಲಹೆ ತಂತಿಯೇ. ಎರಡೂ ಯಂತ್ರಗಳ ಲ್ಯಾನ್ ಕಿಂಡಿಗಳನ್ನು ಒಂದೇ ಕೇಬಲ್ಲಿನಿಂದ ನೇರವಾಗಿ ಜೋಡಿಸಿ, ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2 ಎಂಬ ವಿಳಾಸವನ್ನೂ ಎರಡಕ್ಕೂ 255.255.255.0 ಸಬ್‌ನೆಟ್ ಮಾಸ್ಕನ್ನೂ ಕೊಟ್ಟರೆ ಕೆಲಸ ನಡೆಯುತ್ತದೆ. 100 ಮೀಟರ್‌ವರೆಗೆ ಇದಕ್ಕೆ ಅಡ್ಡಿಯಿಲ್ಲ. ಯಾವ ವಿಧಾನವಾದರೂ ಪ್ರತಿದಿನದ ಬ್ಯಾಕಪ್ ಬೇರೆಡೆ ತೆಗೆದಿಡುವುದು ತಪ್ಪಬಾರದು.

ನಮ್ಮ ಭಾಗದ ಕಟ್ಟಡಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾದಾಮಿಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಗಳು ಅಲೆಗಳ ಬಲವನ್ನು ಬಹುವಾಗಿ ಕುಗ್ಗಿಸುತ್ತವೆ. ಇಳಕಲ್‌ನ ಗ್ರಾನೈಟ್ ಘಟಕಗಳಲ್ಲಿ ತಗಡಿನ ಶೆಡ್ಡು ಹಾಗೂ ಒತ್ತಾಗಿ ನಿಲ್ಲಿಸಿದ ಕಲ್ಲುಹಲಗೆಗಳು ಇನ್ನೂ ದೊಡ್ಡ ಅಡ್ಡಿ. ಗೋಡೆ ದಾಟಬೇಕಾದಲ್ಲಿ 5 ಗಿಗಾಹರ್ಟ್ಸ್ ಬಿಟ್ಟು 2.4 ಗಿಗಾಹರ್ಟ್ಸ್ ಪಟ್ಟಿಯನ್ನೇ ಆರಿಸಿ, ಫೋನನ್ನು ಎತ್ತರದಲ್ಲಿ, ಬಾಗಿಲಿಗೆ ಎದುರಾಗಿ ಇಟ್ಟು ನೋಡಿ. ಕರೆಂಟು ಹೋದಾಗ ಮಾತ್ರ ಫೋನಿನ ವ್ಯವಸ್ಥೆಗೇ ಮೇಲುಗೈ: ಯುಪಿಎಸ್ ಇಲ್ಲದ ರೌಟರ್ ನಿಂತುಹೋದರೂ ಫೋನು, ಲ್ಯಾಪ್‌ಟಾಪ್‌ಗಳು ಬ್ಯಾಟರಿಯ ಮೇಲೆ ನಡೆಯುತ್ತವೆ.

ಗುಪ್ತಪದವಿಲ್ಲದೆ ಹಾಟ್‌ಸ್ಪಾಟ್ ತೆರೆದಿಡುವುದು ಪೇಟೆಯಲ್ಲಿ ಖಾತೆಪುಸ್ತಕವನ್ನು ಕಟ್ಟೆಯ ಮೇಲೆ ಬಿಚ್ಚಿಟ್ಟಂತೆ. 'ಡಬ್ಲ್ಯುಪಿಎ2' ಅಥವಾ ಅದಕ್ಕಿಂತ ಹೊಸ ರಕ್ಷಣೆಯನ್ನು ಆರಿಸಿ, 12 ಅಕ್ಷರಗಳಿಗೆ ಕಡಿಮೆಯಿಲ್ಲದ ಗುಪ್ತಪದ ಇಡಿ. ಅಂಗಡಿಯ ಹೆಸರಾಗಲಿ ಫೋನ್ ಸಂಖ್ಯೆಯಾಗಲಿ ಬೇಡ. ಗುಮಾಸ್ತರು ಕೆಲಸ ಬಿಟ್ಟ ದಿನವೇ ಅದನ್ನು ಬದಲಿಸಿ. ರಾತ್ರಿ ಬಾಗಿಲು ಹಾಕುವಾಗ ಹಾಟ್‌ಸ್ಪಾಟನ್ನೂ ನಿಲ್ಲಿಸಿ.